ಹಳೇ ಮಸ್ಟ್ಯಾಂಗ್ ತಗೊಳ್ಳಲಾ? ಮೊದಲು ಒಂದು ಬಿಂದಿಗೆ ನೀರು ಸುರಿದು ನೋಡಿ

ಕನ್ನಡ ಸಂಘದ ಯುಗಾದಿ ಊಟ. ಒಬ್ಬಟ್ಟು ಬಡಿಸುವ ಹೊತ್ತಿಗೆ ಯಾರಾದರೊಬ್ಬರು ಪಕ್ಕ ಬಂದು ಕೂರುತ್ತಾರೆ. "ಹಳೇ ಮಸಲ್ ಕಾರೊಂದು ನೋಡಿದ್ದೀನಿ. ನಿಧಾನಕ್ಕೆ ರೆಡಿ ಮಾಡ್ಕೊಳ್ಳೋಣ ಅಂತ. ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ತಗೊಳ್ಳಲಾ?" ನಮ್ಮ ಮನೆ ಡೆಟ್ರಾಯಿಟ್ ಹತ್ತಿರ. ಗ್ಯಾರೇಜಿನಲ್ಲಿ 1967ರ ಫೋರ್ಡ್ ಮಸ್ಟ್ಯಾಂಗ್ ಕಾರು ಬೇರೆ ನಿಂತಿದೆ. ಹಾಗಾಗಿ ಈ ಪ್ರಶ್ನೆ ನನಗೆ ತಪ್ಪಿದ್ದಲ್ಲ. (ಮಸ್ಟ್ಯಾಂಗ್ ಮಸಲ್ ಕಾರಲ್ಲ, ಪೋನಿ ಕಾರು, ಅಂದರೆ ಚಿಕ್ಕ ಸ್ಪೋರ್ಟಿ ಕಾರು ಅಂತ ಜಗಳಕ್ಕೆ ಬರುವವರಿದ್ದಾರೆ. 1964ರ ಪಾಂಟಿಯಾಕ್ ಜಿಟಿಒ ಥರ ಮಧ್ಯಮ ಗಾತ್ರದ ಗಾಡಿಗೆ ಎಂಟು ಸಿಲಿಂಡರಿನ ದೊಡ್ಡ ವಿ8 ಎಂಜಿನ್ ಕೂರಿಸಿದರಷ್ಟೇ ಅವರ ಲೆಕ್ಕಕ್ಕೆ ಮಸಲ್. ಬರಲಿ ಬಿಡಿ.)

ನನ್ನ ಉತ್ತರ ಯಾವಾಗಲೂ ಒಂದೇ. ಎಂಜಿನ್ ಆಮೇಲೆ, ಮೊದಲು ತಗಡು ನೋಡಿ.

ಫೋರ್ಡಿನ 289 ಘನ ಇಂಚಿನ ವಿ8 ಎಂಜಿನ್ನಿಗೆ ಇವತ್ತಿಗೂ ಬಿಡಿಭಾಗ ಸಿಗುತ್ತವೆ. ಕೆಟ್ಟರೆ ಬಿಚ್ಚಿ ಜೋಡಿಸಬಹುದು. ಆದರೆ ಮಸ್ಟ್ಯಾಂಗಿಗೆ ಲಾರಿಗಿರುವಂತೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಅದು ತುಕ್ಕು ಹಿಡಿದರೆ ಕಾರೇ ಸಡಿಲ. ಮಿಷಿಗನ್‌ನಲ್ಲಿ ಚಳಿಗಾಲ ಬಂದರೆ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ತುಕ್ಕಿಗೆ ಇನ್ನೇನು ಬೇಕು?

ನಾನೂ ಮೋಸ ಹೋದವನೇ. ಕೆಂಪು ಬಣ್ಣ ಮಿರಮಿರ ಮಿಂಚುತ್ತಿತ್ತು, ಎಂಜಿನ್ ಗುಡುಗುತ್ತಿತ್ತು. ದುಡ್ಡು ಎಣಿಸಿಕೊಟ್ಟು ಮನೆಗೆ ತಂದೆ. ಮೊದಲ ಮಳೆಗೇ ಕಾಲಡಿಯ ಕಾರ್ಪೆಟ್ ಒದ್ದೆ. ಮುಂದಿನ ಗಾಜಿನ ಕೆಳಗೆ, ಬಾನೆಟ್ ಮುಗಿಯುವ ಕಡೆ, ಗಾಳಿ ಹೋಗಲು ಸಣ್ಣ ಸಣ್ಣ ಸೀಳುಗಳಿವೆ. ಅದರೊಳಗೆ ಎರಡು ತಗಡು ಸೇರಿಸಿ ಮಾಡಿದ ಪೆಟ್ಟಿಗೆಯಿದೆ, ಅದಕ್ಕೆ ಕೌಲ್ ಅಂತಾರೆ. ಎಲೆ, ಕಸ ಬಿದ್ದು ನೀರು ನಿಂತು ಅದು ಒಳಗಿಂದಲೇ ಕೊಳೆಯುತ್ತದೆ. ಹೊರಗೆ ಏನೂ ಕಾಣಲ್ಲ. ಸರಿಮಾಡಬೇಕಾದರೆ ಮುಂದಿನ ಗಾಜು, ಫೆಂಡರ್, ಬಾನೆಟ್ ಎಲ್ಲಾ ಬಿಚ್ಚಬೇಕು. ವೆಲ್ಡಿಂಗ್ ಚುಕ್ಕಿಗಳನ್ನು ಒಂದೊಂದಾಗಿ ಡ್ರಿಲ್ ಮಾಡಿ ತಗಡು ಎಬ್ಬಿಸಬೇಕು. ನನಗೆ ಒಂದಿಡೀ ಚಳಿಗಾಲ ಹಿಡಿಯಿತು.

ಅದಕ್ಕೇ ಹೇಳುವುದು, ನೋಡಲು ಹೋದಾಗ ಆ ಸೀಳುಗಳ ಮೇಲೆ ನೀರು ಸುರಿಯಿರಿ. ಒಬ್ಬರು ಟಾರ್ಚ್ ಹಿಡಿದು ಡ್ಯಾಶ್‌ಬೋರ್ಡ್ ಕೆಳಗೆ ಮಲಗಲಿ. ಮುಖದ ಮೇಲೆ ಹನಿ ಬಿದ್ದರೆ ಬೆಲೆ ಇಳಿಸಿ, ಇಲ್ಲಾ ಎದ್ದು ಬನ್ನಿ. ಮಾರುವವನು ನೀರು ಹಾಕಲು ಬಿಡದಿದ್ದರೆ ಅದೇ ಉತ್ತರ, ಅಲ್ವಾ?

ಫ್ರಿಜ್ ಮೇಲಿನ ಮ್ಯಾಗ್ನೆಟ್ಟೂ ಜೇಬಿನಲ್ಲಿರಲಿ. ಅದಕ್ಕೆ ಬಟ್ಟೆ ಸುತ್ತಿ ಹಿಂದಿನ ಚಕ್ರದ ಸುತ್ತಲಿನ ತಗಡಿಗೆ ಅಂಟಿಸಿ. ಜಾರಿದರೆ ಅಲ್ಲಿರುವುದು ತಗಡಲ್ಲ, ಪುಟ್ಟಿ. ಚಕ್ರದ ನಟ್ಟುಗಳನ್ನೂ ಎಣಿಸಿ. 1967ರ ವಿ8 ಮಸ್ಟ್ಯಾಂಗಿಗೆ ಐದು, ಆರು ಸಿಲಿಂಡರಿನದಕ್ಕೆ ನಾಲ್ಕು. ವಿ8 ಅಂತ ಮಾರುವ ಗಾಡಿಯಲ್ಲಿ ನಾಲ್ಕೇ ಇದ್ದರೆ ಆಮೇಲೆ ಯಾರೋ ಎಂಜಿನ್ ಬದಲಿಸಿದ್ದಾರೆ ಅಂತ.

ಮೊನ್ನೆ ಗೆಳೆಯನೊಬ್ಬ ಮರುಭೂಮಿಯ ಅರಿಜೋನಾದಿಂದ 1970ರ ಶೆವರ್ಲೆ ಶೆವೆಲ್ ಕಾರೊಂದರ ಫೋಟೋ ಕಳಿಸಿದ್ದ. ಎಂಜಿನ್ನೇ ಇಲ್ಲ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಸೀಳಿದೆ, ಸೀಟಿನ ಸ್ಪ್ರಿಂಗ್ ಹೊರಗೆ ಬಂದಿದೆ. "ಸುಮ್ನೆ ತೋರಿಸಿದೆ ಅಷ್ಟೇ, ನಗಬೇಡ" ಅಂದ. ಅಡಿಭಾಗದ ಫೋಟೋ ಕೇಳಿದೆ. ಚಾಸಿ, ನೆಲದ ತಗಡು ಎಲ್ಲಾ ಒಣಗಿ ಗಟ್ಟಿಯಾಗಿದ್ದವು, ಮೇಲೊಂದಿಷ್ಟು ಕೆಂಪು ಧೂಳು. ಬೇರೆ ಯಾರಾದರೂ ಎತ್ತಿಕೊಂಡು ಹೋಗುವ ಮುಂಚೆ ಅಡ್ವಾನ್ಸ್ ಕೊಡು ಮಾರಾಯ ಅಂದೆ.