ಅಪ್ಪನ ಟ್ರಂಕಿನಲ್ಲಿದ್ದ ಷೇರು ಕಾಗದ

ಒಂಬತ್ತನೇ ಇಯತ್ತೆಯಲ್ಲಿದ್ದಾಗ ಸಮಾಜ ಪಾಠದ ಮಾಸ್ತರು ನಮ್ಮನ್ನೆಲ್ಲ ಹುಲಕೋಟಿಯ ನೂಲಿನ ಗಿರಣಿ ನೋಡಲು ಕರೆದುಕೊಂಡು ಹೋದರು. 1980ರ ದಶಕದ ಮಾತು. ಗದಗ ಆಗಿನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು. ಗಿರಣಿಯೊಳಗೆ ಕಾಲಿಟ್ಟ ಕೂಡಲೇ ಮಾತು ಕೇಳಿಸದಷ್ಟು ಸದ್ದು. ಗಾಳಿಯಲ್ಲೆಲ್ಲ ಅರಳೆಯ ಎಳೆ. ಕೆಲಸಗಾರರ ಹುಬ್ಬು, ಮೀಸೆ ಬೆಳ್ಳಗಾಗಿದ್ದವು. ಒಂದು ತುದಿಯಲ್ಲಿ ಅರಳೆಯ ಬೇಲು ಬಿಚ್ಚಿ ಹಾಕುತ್ತಿದ್ದರು, ಇನ್ನೊಂದು ತುದಿಯಲ್ಲಿ ಸಾಲುಸಾಲಾಗಿ ನೂಲು ಸುತ್ತುತ್ತಿತ್ತು. ಮಾಸ್ತರು ನನ್ನ ಕಿವಿ ಹತ್ತಿರ ಬಾಗಿ ಕೂಗಿದರು.

"ಇದು ಯಾರ ಗಿರಣಿ ಹೇಳು ನೋಡೋಣ?"

"ಯಾರೋ ಸಾವ್ಕಾರ್ರದು ಸರ್."

"ಅಲ್ಲಪಾ, ನಿಮ್ಮಪ್ಪಂದು!"

ಸಂಜೆ ಮನೆಗೆ ಬಂದು ಅಪ್ಪನನ್ನು ಕೇಳಿದೆ. ಅಪ್ಪ ಏನೂ ಹೇಳದೆ ಟ್ರಂಕು ತೆಗೆದ. ಹೊಲದ ಕಾಗದಗಳ ಕೆಳಗೆ, ಹಳೇ ಧೋತರದ ತುಂಡಿನಲ್ಲಿ ಸುತ್ತಿಟ್ಟ ಅದೇ ಗಿರಣಿಯ ಷೇರು ಕಾಗದ. ರೈತರೇ ಷೇರು ಹಾಕಿ ಕಟ್ಟಿದ ಸಹಕಾರಿ ಗಿರಣಿ ಅದು. ಮಡಚಿದಲ್ಲಿ ಸವೆದಿತ್ತು. ನೇರಳೆ ಬಣ್ಣದ ಮೊಹರು, ಅದರ ಮೇಲೆ ಅಪ್ಪನ ಪೂರ್ತಿ ಹೆಸರು. ಅಷ್ಟು ಚೆಂದದ ಅಕ್ಷರದಲ್ಲಿ ಅಪ್ಪನ ಹೆಸರನ್ನು ನಾನು ಅದಕ್ಕೂ ಮೊದಲು ಎಲ್ಲೂ ನೋಡಿರಲಿಲ್ಲ.

ಆ ಕಾಗದದ ಬೆಲೆ ತಿಳಿಯಬೇಕಂದ್ರೆ ಇನ್ನೊಂದು ದಿನದ ಮಾತು ಹೇಳಬೇಕು. ನಾನು ಸಣ್ಣವನಿದ್ದಾಗ ಅಪ್ಪನ ಜೊತೆ ಹತ್ತಿ ಮಾರಲು ಹೋಗಿದ್ದೆ. ರಾತ್ರಿಯಿಡೀ ಚಕ್ಕಡಿ. ಬೆಳಗಾದ ಮೇಲೆ ದಲಾಲಿ ಮತ್ತು ಖರೀದಿದಾರ ಟವೆಲ್ ಕೆಳಗೆ ಕೈ ಹಿಡಿದುಕೊಂಡು, ಬೆರಳು ಒತ್ತಿ ದರ ಮುಗಿಸಿದರು. ಹತ್ತಿ ಬೆಳೆದವನು ಪಕ್ಕದಲ್ಲೇ ನಿಂತಿದ್ದ, ಅವನಿಗೆ ದರ ಗೊತ್ತಾದದ್ದು ಎಲ್ಲರಿಗಿಂತ ಕೊನೆಗೆ. ಹಸಿ ಇದೆ ಅಂತ ಒಂದಿಷ್ಟು ತೂಕ ಕಡಿದರು. ಬಿತ್ತುವಾಗ ತಂದಿದ್ದ ಸಾಲ, ಅದರ ಬಡ್ಡಿ ಅಂತ ಮತ್ತೊಂದಿಷ್ಟು ಮುರಿದುಕೊಂಡರು. ವಾಪಸ್ ಬರುವಾಗ ಅಪ್ಪ ದಾರಿಯುದ್ದಕ್ಕೂ ಮಾತಾಡಲಿಲ್ಲ.

ರೈತರನ್ನು ಸೇರಿಸಿ ಆ ಗಿರಣಿ ಕಟ್ಟಿಸಿದ ಸಹಕಾರಿ ಧುರೀಣ ಕೆ.ಎಚ್. ಪಾಟೀಲರು ಕೈ ಹಾಕಿದ್ದು ಈ ಗಂಟಿಗೇ. 1925ರಲ್ಲಿ ಹುಲಕೋಟಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು. ಬಿತ್ತುವಾಗ ಸಹಕಾರಿ ಸೊಸೈಟಿಯಿಂದ ಸಾಲ ಸಿಕ್ಕರೆ ರೈತ ದಲಾಲಿಗೆ ಕಟ್ಟುಬೀಳಬೇಕಿಲ್ಲ. ಹತ್ತಿರದಲ್ಲೇ ಗಿರಣಿ ಇದ್ದರೆ ಹತ್ತಿ ನೂಲಾಗುವ ಲಾಭ ಊರಲ್ಲೇ ಉಳಿಯುತ್ತದೆ. ಗದಗದ ಪಕ್ಕದ ಬೆಟಗೇರಿಯಲ್ಲಿ ಮಗ್ಗಗಳಂತೂ ಇದ್ದೇ ಇದ್ದವು, ಅಲ್ವಾ? ಈ ವಿಚಾರಕ್ಕೆ ನಮ್ಮ ಮಣ್ಣಿನಲ್ಲಿ ಬೇರೂ ಇತ್ತು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದ್ದರು. ಏಷ್ಯಾದಲ್ಲೇ ಮೊದಲನೆಯದು ಅಂತ ಅದಕ್ಕೆ ಹೆಸರು. ಮಾಸ್ತರು ಇದನ್ನು ಹೇಳುವಾಗ ಅವರ ದನಿಯೇ ಬೇರೆಯಾಗುತ್ತಿತ್ತು.

ಪಾಟೀಲರು ಶಾಸಕರಾದರು, ದೇವರಾಜ ಅರಸು ಅವರ ಸಂಪುಟದಲ್ಲಿ ಸಚಿವರಾದರು. ಜನ ಅವರನ್ನು 'ಹುಲಕೋಟಿ ಹುಲಿ' ಅಂತ ಕರೆದರು. ನನಗೆ ಮಾತ್ರ ಅವರು ದೊಡ್ಡವರಾಗಿ ಕಂಡದ್ದು ಅವರ ಸೋಲಿನಲ್ಲಿ. 1978ರ ಹೊತ್ತಿಗೆ ಕಾಂಗ್ರೆಸ್ ಒಡೆದಿತ್ತು. ಅರಸು ಇಂದಿರಾ ಗಾಂಧಿಯವರ ಜೊತೆ ಹೋದರು. ಪ್ರದೇಶ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಪಾಟೀಲರು ಹೋಗಲಿಲ್ಲ. ಆ ವರ್ಷದ ವಿಧಾನಸಭೆ ಚುನಾವಣೆಯಲ್ಲಿ ಅವರ ಕಾಂಗ್ರೆಸ್ಸಿಗೆ ಇಡೀ ರಾಜ್ಯದಲ್ಲಿ ಬಂದದ್ದು ಎರಡೇ ಸೀಟು. ನಮ್ಮೂರ ಕಟ್ಟೆಯ ಮೇಲೆ ಅವತ್ತು ಯಾರೂ ಜಾಸ್ತಿ ಮಾತಾಡಲಿಲ್ಲವಂತೆ. ಆದರೆ ಮರುದಿನ ಬೆಳಿಗ್ಗೆ ಸೊಸೈಟಿಯ ಬಾಗಿಲು ಎಂದಿನಂತೆ ತೆರೆಯಿತು ಅಂತ ಅಪ್ಪ ಹೇಳುತ್ತಿದ್ದ. ಕುರ್ಚಿ ಹೋದರೂ ನಿಲ್ಲುವಂಥದ್ದನ್ನು ಅವರು ಕಟ್ಟಿದ್ದರು. ಸಚಿವರಾಗಿದ್ದವರು ಬಹಳ ಜನ ಇದ್ದಾರೆ, ಹೀಗೆ ಕಟ್ಟಿದವರು ಎಷ್ಟು ಮಂದಿ?

1992ರಲ್ಲಿ ಅವರು ತೀರಿಕೊಂಡರು. ಆಗ ನಾನು ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದೆ. ಸುದ್ದಿ ಕೇಳಿ ಊರಿಗೆ ಬಂದರೆ ಅಪ್ಪ ಪಡಸಾಲೆಯಲ್ಲಿ ಸುಮ್ನೆ ಕೂತಿದ್ದ. ರೊಟ್ಟಿ ಬಡಿಸಿದ್ದು ಹಾಗೇ ಇತ್ತು.

ಅಪ್ಪನೂ ಈಗಿಲ್ಲ. ಮಾಸ್ತರೂ ಇಲ್ಲ. ಟ್ರಂಕು ತಮ್ಮನ ಮನೆಯಲ್ಲಿದೆ. ಹೊಲ ಮಾಡುವವನು ಅವನೇ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಈಗ ಪಾಟೀಲರದೇ ಹೆಸರು. ಹೋದ ವರ್ಷ ಮುಂಗಾರಿಗೆ ಮೊದಲು ಅಲ್ಲಿ ಮಣ್ಣು ಪರೀಕ್ಷೆ ಮಾಡಿಸಲು ಹೊರಟಿದ್ದ ತಮ್ಮನ ಜೊತೆ ನಾನೂ ಹೋದೆ. ಬೈಕಿನ ಹಿಂದೆ ಕೂತು ಮಣ್ಣಿನ ಚೀಲ ಹಿಡಿದುಕೊಂಡಿದ್ದೆ. ಎರಿ ಹೊಲದ ಕಪ್ಪು ಮಣ್ಣು, ಒಂದು ಸೇರಿನಷ್ಟು ಇರಬಹುದು. ಚೀಲಕ್ಕೆ ಕಟ್ಟಿದ ಚೀಟಿಯಲ್ಲಿ ತಮ್ಮ ಸರ್ವೆ ನಂಬರ್ ಬರೆದಿದ್ದ. ಅದರ ಕೆಳಗೆ ಅಪ್ಪನ ಪೂರ್ತಿ ಹೆಸರು.