ಮೂರನೇ ಬಿಲ್ಲು 190 ಮೀಟರ್ ದಾಟಿತು

ಭಾನುವಾರ ಬೆಳಿಗ್ಗೆ ಸಕಲೇಶಪುರದ ನಮ್ಮ ಗದ್ದೆಯಲ್ಲಿ ಮೂರನೇ ಬಿಲ್ಲಿಗೆ ಹೆದೆ ಏರಿಸಿದೆ. ಆರು ಬಾಣ ಬಿಟ್ಟೆ. ಎಲ್ಲಕ್ಕಿಂತ ದೂರ ಹೋದದ್ದು 193 ಮೀಟರ್! ಡಿಸೆಂಬರ್ ಕೊನೆಯಲ್ಲಿ ಇದೇ ಬಿಲ್ಲು 158ಕ್ಕೆ ನಿಂತಿತ್ತು. ಖುಷಿ ಆರುವ ಮೊದಲೇ ಬರೆದಿಡುತ್ತಿದ್ದೇನೆ.

ನನ್ನದು ಗುರಿ ನೋಡಿ ಹೊಡೆಯುವ ಆಟ ಅಲ್ಲ. ಬಾಣ ಎಷ್ಟು ದೂರ ಹೋಯ್ತು ಅನ್ನುವುದಷ್ಟೇ ಲೆಕ್ಕ. ಇಸ್ತಾಂಬುಲ್‌ನಲ್ಲಿ ಇದಕ್ಕೇ ಒಂದು ಬಯಲಿತ್ತು, ಹೆಸರು ಓಕ್‌ಮೈದಾನ. ತುರ್ಕಿಯಲ್ಲಿ ಓಕ್ ಅಂದರೆ ಬಾಣ, ಮೈದಾನ ನಮ್ಮ ಮೈದಾನವೇ. ದಾಖಲೆಯ ಬಾಣ ಬಿದ್ದ ಜಾಗದಲ್ಲಿ ಕಲ್ಲು ನೆಡುತ್ತಿದ್ದರು. ನಾನು ಗದ್ದೆಯಲ್ಲಿ ಗೂಟ ನೆಡುತ್ತೇನೆ. ಅವರದು ಕೊಂಬು, ನರ, ಮರ ಸೇರಿಸಿ ಕಟ್ಟಿದ ಗಿಡ್ಡ ಬಿಲ್ಲು. ನನಗೆ ಬೇಕಾದದ್ದು ನಮ್ಮ ತೋಟದ ಸಾಮಾನಿನಲ್ಲೇ ಮಾಡಿದ ಉದ್ದ ಬಿಲ್ಲು.

ಮೊದಲನೇ ಬಿಲ್ಲನ್ನು ಬರೀ ಅಡಿಕೆ ದಬ್ಬೆಯಲ್ಲಿ ಮಾಡಿದ್ದೆ. ನೋಡೋಕೆ ಚೆನ್ನಾಗಿರಲಿ ಅಂತ ಹೊರಮೈಯನ್ನೂ, ಅಂದರೆ ಬಾಣ ಹೋಗುವ ಕಡೆಯ ಮೈಯನ್ನೂ, ಕೀಸಿಬಿಟ್ಟೆ. ತಪ್ಪಾಗಿದ್ದೇ ಅಲ್ಲಿ. ಬಿಲ್ಲು ಬಗ್ಗಿದಾಗ ಎಳೆತ ತಿನ್ನುವುದು ಹೊರಮೈ. ಅಲ್ಲಿ ನಾರು ತುಂಡಾದರೆ ಸೀಳು ಏಳುತ್ತದೆ. 24 ಇಂಚು ಎಳೆಯುವಷ್ಟರಲ್ಲಿ ಟಕ್ ಅಂತ ಶಬ್ದ ಬಂತು, ಎರಡನೇ ಎಳೆತಕ್ಕೆ ಮುರಿಯಿತು. ಎರಡನೆಯದು ಬರೀ ಬಿದಿರು. ಮುರಿಯಲಿಲ್ಲ, ಆದರೆ ಬಗ್ಗಿದ್ದು ಬಗ್ಗಿದ ಹಾಗೇ ನಿಂತಿತು.

ಅದಕ್ಕೇ ಮೂರನೆಯದಕ್ಕೆ ಎರಡನ್ನೂ ಸೇರಿಸಿದೆ. ಇಂಗ್ಲಿಷರ ಹಳೇ ಉದ್ದ ಬಿಲ್ಲುಗಳು ಯೂ ಮರದವು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಲ್ಲಿ ಅಂಥ ನೂರಕ್ಕೂ ಹೆಚ್ಚು ಬಿಲ್ಲು ಸಿಕ್ಕಿವೆ. ಆ ಮರದ ಬಿಳಿ ಭಾಗ ಎಳೆತ ತಡೆಯುತ್ತದೆ, ಒಳಗಿನ ಕೆಂಪು ತಿರುಳು ಒತ್ತಡ ತಡೆಯುತ್ತದೆ. ಒಂದೇ ಮರದಲ್ಲಿ ಎರಡೂ ಕೆಲಸ. ನಮ್ಮಲ್ಲಿ ಯೂ ಎಲ್ಲಿಂದ ಬರಬೇಕು? ಹೊರಗೆ ಬಿದಿರು, ಒಳಗೆ ಅಡಿಕೆ ಇಟ್ಟು ಅಂಟು ಹಾಕಿದೆ. ಸೈಕಲ್ ಟ್ಯೂಬ್ ಸೀಳಿ ಬಿಗಿಯಾಗಿ ಸುತ್ತಿ ಎರಡು ದಿನ ಬಿಟ್ಟೆ. ಬಿದಿರಿನ ಹೊರಮೈಗೆ ಈ ಸಲ ಕೀಸುಳಿ ಮುಟ್ಟಿಸಲೇ ಇಲ್ಲ.

ಬಗ್ಗು ಸರಿಮಾಡುವ ಕೆಲಸ ಮೂರು ವಾರ ತಿಂದಿತು. ಕೊಟ್ಟಿಗೆಯ ತೊಲೆಗೆ ರಾಟೆ ಕಟ್ಟಿ, ಕಾಫಿ ತೂಗುವ ಕೊಕ್ಕೆ ತಕ್ಕಡಿ ಸಿಕ್ಕಿಸಿ, ಗೋಡೆ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆದಿದ್ದೇನೆ. ಬಿಲ್ಲಿನ ಮೇಲಿನ ತೋಳಿನಲ್ಲಿ, ಅಂದರೆ ಹಿಡಿಯಿಂದ ಮೇಲಿನ ಅರ್ಧದಲ್ಲಿ, ಒಂದು ಗೇಣು ಜಾಗ ಬಗ್ಗುತ್ತಲೇ ಇರಲಿಲ್ಲ. ಒಡೆದ ಗಾಜಿನ ಚೂರಿನಿಂದ ಹತ್ತು ಸಲ ಕೆರೆಯುವುದು, ಇಪ್ಪತ್ತು ಸಲ ಎಳೆದು ಬಿಡುವುದು, ಮತ್ತೆ ದೂರ ನಿಂತು ನೋಡುವುದು. ಅಡಿಕೆಯ ಕರಿ ನಾರು ದಾರದ ಹಾಗೆ ಸುರುಳಿ ಸುರುಳಿಯಾಗಿ ಕೈಗೆ ಅಂಟುತ್ತದೆ. ಒಂದು ಸಂಜೆ ಎರಡೂ ತೋಳು ಒಂದೇ ಸಮ ಬಾಗಿದವು. ಅಮ್ಮನನ್ನು ಕೂಗಿ ಕರೆದು ತೋರಿಸಿದೆ. "ಈಗ ಚಂದ ಬಂತಲ್ಲೋ" ಅಂದರು. ಹೆದೆಯನ್ನು 27 ಇಂಚು ಎಳೆದರೆ ತಕ್ಕಡಿ 19 ಕಿಲೋ ತೋರಿಸುತ್ತದೆ, ಅದೇ ಬಿಲ್ಲಿನ ಎಳೆತ.

158ರಿಂದ ಮೇಲೆ ಹೋಗಿದ್ದು ಹೇಗೆ? ಎಳೆತ ಜಾಸ್ತಿ ಮಾಡಿಲ್ಲ. ಮೊದಲು ಬಾಣ ಬದಲಿಸಿದೆ. 28 ಗ್ರಾಂ ಇದ್ದ ಬಿದಿರು ಬಾಣವನ್ನು 19 ಗ್ರಾಂಗೆ ಇಳಿಸಿ, ಗರಿಯನ್ನು ಬೆರಳಿನ ಉಗುರಿನಷ್ಟು ಎತ್ತರಕ್ಕೆ ಕತ್ತರಿಸಿದೆ. 184 ಬಂತು. ಆಮೇಲೆ ಬಿಲ್ಲಿನ ತುದಿಗೆ ಕೈ ಹಾಕಿದೆ. ಹೆದೆ ಬಿಟ್ಟಾಗ ಅತಿ ವೇಗವಾಗಿ ಓಡುವುದು ತುದಿ. ಅಲ್ಲಿ ಭಾರ ಇದ್ದರೆ ಬಾಣಕ್ಕೆ ಹೋಗಬೇಕಾದ ಶಕ್ತಿಯನ್ನು ಅದೇ ತಿನ್ನುತ್ತದೆ. ಎರಡೂ ತುದಿಯನ್ನು ಕಿರುಬೆರಳಿನಷ್ಟು ಸಣ್ಣ ಮಾಡಿದೆ. ಇನ್ನೂ 9 ಮೀಟರ್ ಸಿಕ್ಕಿತು. ದೊಡ್ಡ ಬಿಲ್ಲು ಎಳೆಯೋಕೆ ರಟ್ಟೆ ಬೆಳೆಸುವ ಮೊದಲು ತುದಿಯ ಭಾರ ಇಳಿಸಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ಕೋನ 42 ಡಿಗ್ರಿ ಹತ್ತಿರ ಇಟ್ಟಿದ್ದೆ. ಲೆಕ್ಕದಲ್ಲಿ 45 ಸರಿ, ಆದರೆ ಗಾಳಿ ತಡೆಯುವುದರಿಂದ ಸ್ವಲ್ಪ ಕೆಳಗೇ ಒಳ್ಳೆಯದು. ಗದ್ದೆಯಲ್ಲಿ ಜನ, ದನ ಇಲ್ಲ ಅಂತ ತಮ್ಮ ಬದುವಿನ ಮೇಲೆ ನಿಂತು ಕೈ ಬೀಸಿದ ಮೇಲೇ ಪ್ರತಿ ಬಾಣ ಬಿಟ್ಟಿದ್ದು. ಒಂದು ಬಾಣ ಇನ್ನೂ ಸಿಕ್ಕಿಲ್ಲ.

ಈಗ ಭಯ ಮಳೆಗಾಲದ್ದು. ನಮ್ಮ ಕಡೆ ಜೂನ್ ಬಂತೆಂದರೆ ಬಾಗಿಲೇ ಉಬ್ಬಿ ಹಾಕೋಕಾಗಲ್ಲ, ಬಿಲ್ಲು ಬಿಡುತ್ತದಾ? ತೇವ ಕುಡಿದರೆ ಅದರ ಚುರುಕು ಹೋಗುತ್ತದೆ. ಹೆದೆ ಇಳಿಸಿ ಬಚ್ಚಲೊಲೆ ಮೇಲಿನ ಅಟ್ಟದಲ್ಲಿ ಇಡುತ್ತೇನೆ. ಈಗ ತೂಗಿದರೆ 540 ಗ್ರಾಂ ಇದೆ. ತಿಂಗಳಿಗೊಮ್ಮೆ ತೂಗಿ ಬರೆಯುತ್ತೇನೆ.