ಗಿರಾಕಿ ಕೇಳಿದ್ದನ್ನೇ ಬರೆಯಿರಿ

ಇಳಕಲ್ ಸೀರೆ ಮಾರುವವರ ವಾಟ್ಸಾಪ್ ಸಂದೇಶಗಳನ್ನು ಸಾಲಾಗಿಟ್ಟು ಅಂಗಡಿಯ ಹೆಸರು ಮುಚ್ಚಿಬಿಡಿ. ಯಾವುದು ಯಾರದೆಂದು ಹೇಳಲಾಗುವುದಿಲ್ಲ. ಎಲ್ಲದರಲ್ಲೂ ‘ಅತ್ಯುತ್ತಮ ಗುಣಮಟ್ಟ’, ಎಲ್ಲದರಲ್ಲೂ ‘ಕೈಗೆಟಕುವ ದರ’, ಕೊನೆಗೊಂದು ‘ಇಂದೇ ಭೇಟಿ ನೀಡಿ’. ಓದಿದವರು ಇದನ್ನು ನಂಬುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ, ಸುಮ್ಮನೆ ಮುಂದೆ ಹೋಗುತ್ತಾರೆ. ಜಾಹೀರಾತಿನ ಬರವಣಿಗೆ ಸುಧಾರಿಸಲು ಹೊಸ ವಿಶೇಷಣ ಹುಡುಕುತ್ತ ಕೂತರೆ ಹೊತ್ತು ಹಾಳು. ಬರೆಯಬೇಕಾದ ಸರಕು ಕೌಂಟರಿನ ಮುಂದೆ ದಿನಾ ಬಂದು ನಿಲ್ಲುತ್ತದೆ.

ಅಲ್ಲೊಂದು ನೋಟ್‌ಬುಕ್ ಇಡಿ. ಒಂದು ವಾರ ಗಿರಾಕಿ ಕೇಳಿದ ಪ್ರತಿ ಪ್ರಶ್ನೆಯನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ಸೆರಗು ಖರೇ ರೇಷ್ಮಿ ಏನ್ರೀ?’ ‘ತೊಳದ್ರ ಬಣ್ಣ ಬಿಡ್ತದೇನ್ರೀ?’ ‘ಒಂಬತ್ತು ವಾರದ್ದು ಐತೇನ್ರೀ?’ (ವಾರ ಎಂದರೆ ಗಜ.) ‘ಕುಬಸದ ಬಟ್ಟಿ ಇದರಾಗ ಬರ್ತದೋ, ಖಣ ಬ್ಯಾರೆ ತಗೋಬೇಕೋ?’ (ಕುಬಸ ಎಂದರೆ ರವಿಕೆ, ಖಣ ಎಂದರೆ ರವಿಕೆಯ ಬಟ್ಟೆ.) ಕೊಳ್ಳದೆ ಎದ್ದು ಹೋದವರು ಕೊನೆಗೆ ಏನು ಕೇಳಿದರು ಎಂಬುದಕ್ಕೆ ಗುರುತು ಹಾಕಿ. ವ್ಯಾಪಾರ ಮುರಿದದ್ದು ಹೆಚ್ಚಾಗಿ ಅಲ್ಲೇ, ಆದ್ದರಿಂದ ಅದರ ಉತ್ತರ ಮೊದಲ ಎರಡು ಸಾಲಿನೊಳಗೆ ಬರಬೇಕು.

ಸಾಮಾನ್ಯವಾಗಿ ಬರೆಯುವುದು ಹೀಗೆ: ‘ಶುದ್ಧ, ಸಾಂಪ್ರದಾಯಿಕ ಇಳಕಲ್ ಸೀರೆಗಳ ಭವ್ಯ ಸಂಗ್ರಹ ಲಭ್ಯ. ತ್ವರೆ ಮಾಡಿ!’

ನೋಟ್‌ಬುಕ್ ಮುಂದಿಟ್ಟುಕೊಂಡು ಬರೆದರೆ: ‘ಕೈಮಗ್ಗದ ಇಳಕಲ್ ಸೀರೆ, 3,200 ರೂ. ಒಡಲು ಹತ್ತಿ, ಸೆರಗು ರೇಷ್ಮೆ, ಕೊಂಡಿ ಹಾಕಿ ನೇಯ್ದದ್ದು. ಟೋಪ್ ತೆನಿ ಸೆರಗು, ಗೋಮಿ ದಡಿ. 6 ವಾರ, 9 ವಾರ ಎರಡೂ ಇವೆ. ಕುಬಸದ ಬಟ್ಟೆ ಬರುವುದಿಲ್ಲ. ಫೋಟೊ ಬೇಕಿದ್ದರೆ 1 ಎಂದು ಕಳಿಸಿ.’ (ಬೆಲೆ ಉದಾಹರಣೆಗಷ್ಟೇ. ಟೋಪ್ ತೆನಿ, ಗೋಮಿ ಎಂಬುವು ಸೆರಗು, ದಡಿಯ ವಿನ್ಯಾಸದ ಹೆಸರು.)

ಇಡೀ ಸಂದೇಶದಲ್ಲಿ ಹೆಚ್ಚು ಕೆಲಸ ಮಾಡುವ ಸಾಲು ‘ಕುಬಸದ ಬಟ್ಟೆ ಬರುವುದಿಲ್ಲ’. ಇಲ್ಲದ್ದನ್ನು ಇಲ್ಲ ಎಂದವರು ಇದೆ ಎಂದದ್ದನ್ನೂ ಜನ ನಂಬುತ್ತಾರೆ. ಕೊಂಡಿ ಎಂದರೆ ಸೆರಗಿನ ರೇಷ್ಮೆಯ ಹಾಸೆಳೆಗಳನ್ನು (ಉದ್ದಕ್ಕೆ ಹೋಗುವ ನೂಲು) ಒಡಲಿನ ಹಾಸೆಳೆಗಳಿಗೆ ಕುಣಿಕೆಯಿಂದ ಜೋಡಿಸುವ ಕೆಲಸ. ಆ ಜೋಡಣೆಯನ್ನೇ ಹತ್ತಿರದಿಂದ ಫೋಟೊ ತೆಗೆದು ಹಾಕಿದರೆ ‘ಅಸಲಿ’ ಎಂದು ಬರೆಯುವ ಪ್ರಮೇಯವೇ ಇಲ್ಲ. ಮಾಲು ಪವರ್‌ಲೂಮಿನದಾದರೆ ಹಾಗೆಂದೇ ಬರೆದು, ಅದಕ್ಕೇ ಅಗ್ಗ ಎಂದು ಹೇಳಿ. ಅದನ್ನು ಕೊಳ್ಳುವವರೂ ಇದ್ದಾರೆ.

ತಿನ್ನುವ ಪದಾರ್ಥಕ್ಕೆ ಇನ್ನೊಂದು ಎಚ್ಚರ ಬೇಕು. ಅಮೀನಗಡದ ಕರದಂಟಿಗೆ ‘ಸೊಂಟನೋವು ಮಾಯ’ ಎಂದು ಬರೆಯಲು ಕೈ ತುರಿಸುತ್ತದೆ. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ.ವರೆಗೆ ದಂಡವಿದೆ. ‘ಬಾಣಂತಿಯರಿಗೆ ಕೊಡುವ ರೂಢಿ’ ಎನ್ನುವುದು ರೂಢಿಯ ಮಾತು, ರೋಗ ವಾಸಿಯ ಮಾತಲ್ಲ. ಅದಕ್ಕಿಂತ ಕೆಜಿಗೆ ಎಷ್ಟು ತುಂಡು, ಎಷ್ಟು ದಿನ ಇಡಬಹುದು, ಬೆಲ್ಲದ್ದೋ ಸಕ್ಕರೆಯದ್ದೋ ಎಂದು ಬರೆಯುವುದು ಹೆಚ್ಚು ಉಪಯೋಗ. ರಿಯಾಯಿತಿಗೆ ಷರತ್ತು ಇದ್ದರೆ ಅದನ್ನೂ ಕನ್ನಡದಲ್ಲೇ ಹಾಕಿ. ಜಾಹೀರಾತು ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕೆಂದು ಕೇಂದ್ರದ 2022ರ ಮಾರ್ಗಸೂಚಿ ಹೇಳುತ್ತದೆ.

ಎಸ್ಸೆಮ್ಮೆಸ್‌ನಲ್ಲಿ ಲೆಕ್ಕವೇ ಬೇರೆ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಆ 70ರಲ್ಲಿ ಗುಣಿತ, ಒತ್ತು ಎಲ್ಲ ಬೇರೆಬೇರೆ ಎಣಿಕೆಗೆ ಬರುತ್ತವೆ: ‘ಸೀರೆ’ ಅಂದರೆ ನಾಲ್ಕು, ‘ಸ್ತ್ರೀ’ ಒಂದಕ್ಕೇ ಆರು. ಹಾಗಾಗಿ ಕೈಗೆ ಸಿಗುವುದು ಏಳೆಂಟು ಪದ ಅಷ್ಟೇ. ಮೀರಿದರೆ ಸಂದೇಶ 67ರ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ದುಡ್ಡು ಬೀಳುತ್ತದೆ. ಇಂಗ್ಲಿಷ್ ಸಂದೇಶದಲ್ಲೂ ₹ ಚಿಹ್ನೆ ಒಂದು ಸೇರಿದರೆ ಮಿತಿ 70ಕ್ಕೆ ಇಳಿಯುತ್ತದೆ. ಇದು ಗೊತ್ತಿಲ್ಲದೆ ಬಿಲ್ ನೋಡಿ ಗಾಬರಿಯಾಗುವವರು ಬಹಳ. ಡಿಎಲ್‌ಟಿಯಲ್ಲಿ (ವ್ಯಾಪಾರದ ಎಸ್ಸೆಮ್ಮೆಸ್ ನೋಂದಾಯಿಸುವ ಟೆಲಿಕಾಂ ಕಂಪನಿಗಳ ವ್ಯವಸ್ಥೆ) ನೋಂದಾಯಿಸಿದ ಟೆಂಪ್ಲೇಟಿನ, ಅಂದರೆ ಸಂದೇಶದ ನಮೂನೆಯ, ಪದ ಆಮೇಲೆ ಬದಲಿಸಿದರೆ ಸಂದೇಶ ತಲುಪುವುದಿಲ್ಲ; ಬೆಲೆ, ತಾರೀಖು ಬದಲಾಗುವ ಕಡೆ ಮೊದಲೇ ಖಾಲಿ ಜಾಗ ಬಿಟ್ಟು ನೋಂದಾಯಿಸಿ.

ಮೈಕ್ ಕಟ್ಟಿದ ಆಟೊ ನಮ್ಮ ಕಡೆ ಇನ್ನೂ ಜೋರಾಗಿಯೇ ಓಡುತ್ತಿದೆ. ಆಟೊ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು, ಮಾತು ಆಟೊದ ಮುಂದೆ 50, ಹಿಂದೆ 50 ಮೀಟರ್ ಸ್ಪಷ್ಟವಾಗಿ ಕೇಳಿಸಿದರೆ, ಒಬ್ಬರ ಕಿವಿಗೆ ಸಿಗುವುದು ಸುಮಾರು 24 ಸೆಕೆಂಡು. ಒಂದೂವರೆ ನಿಮಿಷದ ರೆಕಾರ್ಡಿಂಗ್ ಮಾಡಿಸಿದರೆ ಯಾರೂ ಪೂರ್ತಿ ಕೇಳುವುದಿಲ್ಲ. ಸುತ್ತು 20 ಸೆಕೆಂಡಿನದಿರಲಿ, ಅಂದರೆ 35–40 ಪದ. ಮಾಲು, ಬೆಲೆ, ಜಾಗ, ಕೊನೆಯ ದಿನ, ಇಷ್ಟು ಸಾಕು. ಅಂಗಡಿ ಹೆಸರು ಮೊದಲೂ ಬರಲಿ, ಕೊನೆಗೂ ಬರಲಿ. ಫೋನ್ ನಂಬರ್ ಓದಿಸಬೇಡಿ, ಬರೆದುಕೊಳ್ಳುವವರು ಯಾರೂ ಇಲ್ಲ. ‘ಗಾಂಧಿ ಚೌಕದ ಹತ್ರ’ ಅಂದರೆ ವಿಜಯಪುರದಲ್ಲಿ ಎಲ್ಲರಿಗೂ ತಿಳಿಯುತ್ತದೆ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡನ್ನೂ ಒಂದೇ ಸುತ್ತಿಗೆ ಸೇರಿಸಿದರೆ ಇಬ್ಬರಿಗೂ ಅರ್ಧರ್ಧ ಮಾತೇ ಸಿಗುತ್ತದೆ. ಎರಡು ರೆಕಾರ್ಡಿಂಗ್ ಮಾಡಿಸಿ, ಓಣಿ ನೋಡಿ ಹಾಕಿ.

ರೈತರಿಗೆ ಮಾರುವ ಸಾಮಾನಾದರೆ ಸಮಯವನ್ನೂ ಅವರ ಲೆಕ್ಕದಲ್ಲೇ ಬರೆಯಿರಿ. ‘ಈ ತಿಂಗಳ ಕೊನೆಯವರೆಗೆ’ ಎನ್ನುವುದಕ್ಕಿಂತ ‘ಈಗ ಅರ್ಧ ಕೊಡಿ, ಉಳಿದದ್ದು ಕಬ್ಬಿನ ಬಿಲ್ ಆದ ಮ್ಯಾಲ’ ಎನ್ನುವುದು ಮುಧೋಳ, ಜಮಖಂಡಿ ಕಡೆ ಬೇಗ ಮನಸ್ಸಿಗೆ ಹೋಗುತ್ತದೆ. ಕೊಡುವ ಧೈರ್ಯ ಇದ್ದರೆ ಮಾತ್ರ ಬರೆಯಿರಿ.

ಬರೆದದ್ದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಗಿರಾಕಿಗಳ ಪಟ್ಟಿಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಹಳೆ ಸಂದೇಶ, ಇನ್ನೊಂದಕ್ಕೆ ಹೊಸದು ಕಳಿಸಿ. ಹಳೆ ಗಿರಾಕಿ ಒಂದು ಕಡೆ, ಹೊಸಬರು ಒಂದು ಕಡೆ ಬೇಡ. ಹೆಸರಿನ ಪಟ್ಟಿಯಲ್ಲಿ ಒಂದು ಬಿಟ್ಟು ಒಂದು ಆರಿಸಿ. ಎರಡೂ ಸಂದೇಶ ಒಂದೇ ದಿನ, ಒಂದೇ ಹೊತ್ತಿಗೆ ಹೋಗಲಿ, ಬದಲಾವಣೆ ಮೊದಲ ಸಾಲಿನಲ್ಲಿ ಮಾತ್ರ ಇರಲಿ. ತಲಾ ನೂರು ಜನರಲ್ಲಿ ಹಳೆಯದಕ್ಕೆ ನಾಲ್ಕು, ಹೊಸದಕ್ಕೆ ಆರು ಉತ್ತರ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. ಹಳೆಯದರ ನಾಲ್ಕಕ್ಕೆ ಹೊಸದರಿಂದ ಹದಿನೈದು ಬಂದರೆ ಹೊಸ ಸಾಲು ಉಳಿಸಿಕೊಳ್ಳಿ. ಉತ್ತರವೇ ಬರದಿದ್ದರೆ ಬರವಣಿಗೆಯನ್ನು ಬೈಯುವ ಮೊದಲು ಟಿಕ್ ನೋಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿ ಇದೆ, ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಹೋಗುತ್ತದೆ. ಫೋಟೊ ಕೇಳುವವರು ಬಹಳ, ಕೊಳ್ಳುವವರು ಇಲ್ಲ ಎಂದಾದರೆ ಮೊದಲ ಸಾಲು ಸರಿಯಾಗಿದೆ. ಟ್ಯೂಬ್‌ಲೈಟಿನ ಕೆಳಗೆ ತೆಗೆದ ಫೋಟೊ ಬಿಟ್ಟು ಬೆಳಗಿನ ಬಿಸಿಲಿಗೆ ಹಿಡಿದು ತೆಗೆದದ್ದನ್ನು ಕಳಿಸಿ ನೋಡಿ.